ತಾರಸಿಯ ಮೇಲಿನ ಪರೀಕ್ಷೆ

ಜೂನ್ 5, ಸೋಮವಾರ

ಈ ಪುಸ್ತಕದಲ್ಲಿ ಇಂಗ್ಲಿಷ್ ಬರೆಯಬಾರದು ಎಂದು ಆಣೆ ಹಾಕಿಕೊಂಡಿದ್ದೇನೆ. ಬಸ್ಸಿನಲ್ಲಿ ನಮ್ಮ ಮಧುರೈ ಕಾಲೇಜಿನ ಮುತ್ತುವಿನಾಯಗಂ ಸರ್ ಎಲ್ಲರೆದುರು ಹೇಳಿದರು: "ನಿನ್ನ ತಮಿಳು ಕೇಳಿದ್ರೆ ಹಲ್ಲು ಜುಂ ಅನ್ನುತ್ತಮ್ಮ. ದಿನಾ ಒಂದು ಪುಟ ಬರೆದು ಅಭ್ಯಾಸ ಮಾಡು. ಊರಿನವರ ಹತ್ರ ಮಾತಾಡೋ ಕೆಲಸ ನಿನ್ನದೇ." ಎಲ್ಲರೂ ಅಂದರೆ ನಾನು, ರೂಬನ್ ಅಣ್ಣ ಮತ್ತು ಕಂಡಕ್ಟರ್. ಕಂಡಕ್ಟರ್ ಕೂಡ ನಕ್ಕ.

ನಾನೇನು ಮಾಡಲಿ? ಆರನೇ ವಯಸ್ಸಿನಿಂದ ಬೆಟ್ಟದ ಮೇಲಿನ ಹಾಸ್ಟೆಲು. ಅಲ್ಲಿ ತಮಿಳು ಬಾಯಿಗೆ ಬಂದರೆ ಕುತ್ತಿಗೆಗೆ ಹಲಗೆ ಕಟ್ಟುತ್ತಿದ್ದರು, ಸಂಜೆಯವರೆಗೆ. ಎಳಿಲರಸಿ ಎಂಬ ನನ್ನ ಹೆಸರನ್ನೂ ವಾರ್ಡನ್ ಮೊದಲ ವಾರವೇ ಕತ್ತರಿಸಿ 'ಎಲಿ' ಮಾಡಿದರು. ಎಲಿ ಅಂದರೆ ನಮ್ಮಲ್ಲಿ ಇಲಿ ಎಂದು ಆಕೆಗೆ ಗೊತ್ತಿರಲಿಲ್ಲ. ಹುಡುಗಿಯರಿಗೆ ಗೊತ್ತಿತ್ತು.

ಕೆಲಸ ಇಷ್ಟು. ತೇನಿಯ ಕಣ್ಣಾಸ್ಪತ್ರೆಯ ತಾರಸಿಯಲ್ಲಿ ಒಂದು ಜಾಲರಿ ತಟ್ಟೆ. ಹದಿನಾಲ್ಕು ಕಿಲೋಮೀಟರ್ ಆಚೆ ಪಾಲೂತ್ತುಪಟ್ಟಿ ಎಂಬ ಊರಿನ ಯಾವುದಾದರೂ ತಾರಸಿಯಲ್ಲಿ ಇನ್ನೊಂದು. ನಡುವೆ ತಂತಿಯಿಲ್ಲ. ಚಿತ್ರ, ಮಾತು ಎರಡೂ ಗಾಳಿಯಲ್ಲೇ ಹೋಗಬೇಕು. ಹೋಗುತ್ತದೆಯೇ, ಮಳೆಗಾಳಿಗೆ ನಿಲ್ಲುತ್ತದೆಯೇ ಎಂದು ನೋಡುವುದು. ರೂಬನ್ ಅಣ್ಣನಿಗೆ ಇದು ಎಂ.ಇ. ಪ್ರಬಂಧ. ನಾನು ಮೊದಲ ವರ್ಷ, ಗಣಿತದಲ್ಲಿ ಫೇಲು. ನನ್ನನ್ನೇ ಯಾಕೆ ಆರಿಸಿದರು ಎಂದು ಕೇಳುವ ಧೈರ್ಯ ಬರಲಿಲ್ಲ. ಅವನೇ ಹೇಳಿದ: "ಹಳ್ಳಿಯಲ್ಲಿ ಗಂಡಸರನ್ನ ಮನೆ ಮೇಲೆ ಹತ್ತಿಸ್ತಾರಾ? ಒಂದು ಹುಡುಗಿ ಬೇಕಿತ್ತು. ಯಾವುದಾದ್ರೂ ಹುಡುಗಿ."

ದಾದಿಯರ ವಸತಿಯಲ್ಲಿ ನನಗೊಂದು ಮಂಚ. ಪಕ್ಕದ ಮಂಚ ತವಮಣಿ ಅಕ್ಕನದು. ಒಳ್ಳೆಯವಳು, ಗೊರಕೆ ಹೊಡೆಯುತ್ತಾಳೆ. ದಿಂಬು ಕಲ್ಲಿನ ಹಾಗಿದೆ. ಹೆಬ್ಬೆರಳಿನ ಉಗುರು ಕಚ್ಚಿ ಕಚ್ಚಿ ರಕ್ತ ಬಂದಿದೆ.

ಜೂನ್ 8, ಗುರುವಾರ

ಅವಮಾನ. ಆದರೆ ತಾರಸಿ ಸಿಕ್ಕಿತು.

ಊರಿನಲ್ಲಿ ಎಲ್ಲಕ್ಕಿಂತ ಎತ್ತರದ ತಾರಸಿ ಪೇಚಿಯಮ್ಮಾಳ್ ಎಂಬ ಮುದುಕಿಯದು. ಎಲ್ಲರೂ ಆಕೆಯನ್ನು ಅಪ್ಪತ್ತಾ, ಅಂದರೆ ಅಜ್ಜಿ, ಅನ್ನುತ್ತಾರೆ, ಮೀಸೆ ಬಂದ ಗಂಡಸರು ಕೂಡ. ಅಂಗಳದಲ್ಲಿ ಏಳೆಂಟು ಹೆಂಗಸರು ಬೂರುಗದ ಹತ್ತಿ ಬಡಿದು ದಿಂಬಿಗೆ ತುಂಬುತ್ತಿದ್ದರು. ಗಾಳಿಯ ತುಂಬ ನಾರು. ಆಕೆ ನಡುವೆ ಕೂತು, ಬೆರಳಲ್ಲಿ ತಡವಿ ತಡವಿ ದಿಂಬಿನ ಬಾಯಿ ಹೊಲಿಯುತ್ತಿದ್ದಳು.

ಬಸ್ಸಿನಲ್ಲಿ ಉರು ಹೊಡೆದದ್ದನ್ನು ಒಪ್ಪಿಸಿದೆ: "ನಮಸ್ಕಾರ. ತಮ್ಮ ಗೃಹದ ಮೇಲ್ಛಾವಣಿಯ ಮೇಲೆ ನಾವು ಒಂದು ಉಪಕರಣವನ್ನು ಇರಿಸಲು ಅನುಮತಿ ಕೋರುತ್ತೇವೆ."

ಬಡಿಯುವ ಕೋಲುಗಳು ನಿಂತವು. ಅಪ್ಪತ್ತಾ ಕತ್ತೆತ್ತಿ, "ಯಾರೇ ಅದು, ರೇಡಿಯೋದಲ್ಲಿ ವಾರ್ತೆ ಓದ್ತಿರೋದು?" ಅಂದಳು. ಹೆಂಗಸರು ಬಿದ್ದು ಬಿದ್ದು ನಕ್ಕರು.

"ಕಣ್ಣಿನ ಆಸ್ಪತ್ರೆಯಿಂದ ಆಗಮಿಸಿದ್ದೇವೆ," ಅಂದೆ. ಬೆವರಿಗೆ ಜುಬ್ಬ ಬೆನ್ನಿಗೆ ಅಂಟಿತ್ತು. "ಇಲ್ಲಿ ಪರೀಕ್ಷೆ ಮಾಡಲಿಕ್ಕೆ. ಎರಡು ತಿಂಗಳು ಪರೀಕ್ಷೆ."

"ಪರೀಕ್ಷೇನಾ?" ಆಕೆಯ ಕೈ ನಿಂತಿತು. "ನಮ್ಮ ಮನೆ ಮೇಲಾ?"

"ಹೌದು. ತಮ್ಮ ಮನೆಯ ಮೇಲೆಯೇ."

"ಹೆಸರೇನು ತಾಯಿ?"

ಗಾಬರಿಯಲ್ಲಿ ಎಲಿ ಎಂದುಬಿಟ್ಟೆ. ಮತ್ತೆ ನಗು. ಆದರೆ ಅಪ್ಪತ್ತಾ ನಗಲಿಲ್ಲ. ಸೊಂಟದಿಂದ ಬೀಗದ ಕೈ ಬಿಚ್ಚಿ, ನನ್ನ ಕೈಗೆ ಎಂದುಕೊಂಡು ನನ್ನ ಮೊಣಕೈಗೆ ಕೊಟ್ಟಳು. "ಇಲಿ ಹತ್ತದ ಮಾಳಿಗೆ ಯಾವುದಿದೆ? ಹತ್ತು. ನಿನಗೇ ಕಾಯ್ತಿದ್ದೆ ಅಂದ್ಕೋ."

ಹೊರಗೆ ಬಂದಾಗ ರೂಬನ್ ಅಣ್ಣ, "ಇಷ್ಟು ಬೇಗ ಹೆಂಗೆ ಒಪ್ಪಿದ್ಲು?" ಎಂದ. ನನಗೂ ಗೊತ್ತಿಲ್ಲ. ಜೀವನದಲ್ಲಿ ಮೊದಲ ಸಲ ಏನೋ ಒಂದನ್ನು ನಾನೇ ಕೇಳಿ ಪಡೆದಿದ್ದೇನೆ.

ಜೂನ್ 12, ಸೋಮವಾರ

ಕಂಬ ನೆಟ್ಟು ತಟ್ಟೆ ಕಟ್ಟಿದೆವು. ಎದುರು ತಾರಸಿ ಎಲ್ಲಿದೆ ಎಂದು ಗೊತ್ತಾಗಬೇಕಲ್ಲ, ರೂಬನ್ ಅಣ್ಣ ಆಸ್ಪತ್ರೆಯ ಮೇಲೆ ನಿಂತು ಬಿಸಿಲಿಗೆ ಕನ್ನಡಿ ಹಿಡಿದ. ಮಂಜು ಮಂಜಾದ ಬಯಲಿನ ಆ ತುದಿಯಲ್ಲಿ ಸೂಜಿಮೊನೆಯಷ್ಟು ಬೆಳಕು ಮಿಣಕ್ ಅಂದಿತು. ನನಗೆ ಅಳು ಬರುವಷ್ಟು ಸಂತೋಷ. ಅಪ್ಪತ್ತಾ ಮೆಟ್ಟಿಲು ತಡವುತ್ತ ಮೇಲೆ ಬಂದಿದ್ದಳು. "ಅಲ್ಲಿ ನೋಡಿರಿ ಅಪ್ಪತ್ತಾ, ಹೊಳೆಯುತ್ತಿದೆ!" ಅಂದೆ.

"ಹೂಂ ಹೂಂ, ಕಾಣ್ತಿದೆ, ಚೆಂದಕ್ಕೆ ಹೊಳೀತಿದೆ," ಎಂದು ಆಕೆ ಬೆಟ್ಟದ ಕಡೆ ತಿರುಗಿ ಕೈ ಮುಗಿದಳು. ಆಸ್ಪತ್ರೆ ಇರುವುದು ಅದರ ಎದುರು ದಿಕ್ಕಿನಲ್ಲಿ. ಪಾಪ ಅನಿಸಿ ತಿದ್ದಲಿಲ್ಲ.

ಆಮೇಲೆ ದಿನವಿಡೀ ತಟ್ಟೆ ತಿರುಗಿಸಿದ್ದೇ. ಫೋನಿನಲ್ಲಿ ಅವನು: "ಎಡಕ್ಕೆ. ಒಂದು ಕೂದಲು. ಕೂದಲು ಅಂದೆ, ಜಡೆ ಅಲ್ಲ! ನಿಲ್ಲಿಸು ಇಲೀ!" ಸಿಗ್ನಲ್ ಬರುತ್ತದೆ, ಹೋಗುತ್ತದೆ. ಸಂಜೆ ಅವನೇ ಬಂದು ನೋಡಿ ತಲೆ ಚಚ್ಚಿಕೊಂಡ. ಮನೆಯ ಎದುರಿನ ಬೂರುಗದ ಮರ. ಅವನೂ ಸರ್ ಕೂಡ ಮಾರ್ಚಿನಲ್ಲಿ ಬಂದು ಜಾಗ ನೋಡಿದಾಗ ಅದರಲ್ಲಿ ಒಂದು ಎಲೆಯೂ ಇರಲಿಲ್ಲವಂತೆ, ಬರೀ ಕಾಯಿ. ಈಗ ಮೈತುಂಬ ಎಲೆ. ಎಲೆಯಲ್ಲಿರುವ ನೀರು ಸಿಗ್ನಲನ್ನು ಕುಡಿದುಬಿಡುತ್ತದೆ.

"ಹೋಗಿ ಹೇಳು. ನಿನ್ನ ಮಾತಿಗೆ ಆಕೆ ಕೊಡ್ತಾಳೆ," ಅಂದ.

ಮರ ಕಡಿಯಿರಿ ಎಂದು ಕೇಳುವುದು ಹೇಗೆ? ಶಬ್ದಕೋಶದಲ್ಲಿ ನೋಡಿಕೊಂಡೆ. "ಅಪ್ಪತ್ತಾ, ತಮ್ಮ ವೃಕ್ಷವು ಪರೀಕ್ಷೆಗೆ ಅಡ್ಡಿಪಡಿಸುತ್ತದೆ."

ಆಕೆ ಮರದ ಕಡೆ ಮುಖ ತಿರುಗಿಸಿದಳು. ಆಮೇಲೆ, "ಅದನ್ನ ನಮ್ಮತ್ತೆ ನೆಟ್ಟಿದ್ದು," ಎಂದಷ್ಟೇ ಅಂದಳು.

ಜೂನ್ 14, ಬುಧವಾರ

ಮರ ಕಡಿದರು. ಆಕೆಯ ಮಗನೇ ಲಾರಿಯಿಂದ ಹಗ್ಗ ತಂದು ಕಡಿದ. ನನ್ನನ್ನು ನೋಡಲಿಲ್ಲ. ಮುಳ್ಳಿನ ಬೊಡ್ಡೆ ಅಂಗಳಕ್ಕೆ ಬಿದ್ದಾಗ ಹೆಂಗಸರು ಬಾಯಿ ಮುಚ್ಚಿಕೊಂಡರು. ಒಬ್ಬಳು, "ಆಷಾಢ ಹತ್ರ ಬಂತು, ಈಗ ಕಡೀಬಾರದಿತ್ತು," ಎಂದಳು. ಅಪ್ಪತ್ತಾ ಅವಳ ಮೇಲೆ ಹರಿಹಾಯ್ದಳು: "ಕಣ್ಣಿಗಿಂತ ಮರ ಹೆಚ್ಚೇನೇ? ದಿಂಬು ತುಂಬೋಕೆ ಹತ್ತಿ ಬೋಡಿ ಪೇಟೆಯಿಂದ ತರಬಹುದು. ಕಣ್ಣು ಬೋಡಿಯಲ್ಲಿ ಸಿಗುತ್ತಾ?"

ಕಣ್ಣು ಯಾಕೆ ಬಂತು ಮಾತಿನಲ್ಲಿ? ಗಾದೆ ಇರಬೇಕು. ನನಗೆ ಇನ್ನೂ ಅರ್ಧಕ್ಕರ್ಧ ತಿಳಿಯುವುದಿಲ್ಲ.

ಊಟ ಸೇರಲಿಲ್ಲ. ಉಗುರೇ ಊಟ.

ಜೂನ್ 15, ಗುರುವಾರ

ಸಿಗ್ನಲ್ ನಿಂತಿತು! ಬೆಳಿಗ್ಗೆಯಿಂದ ಸಂಜೆವರೆಗೆ ಅಲುಗಾಡಲಿಲ್ಲ. ರೂಬನ್ ಅಣ್ಣ ಪರೋಟ ಕೊಡಿಸಿದ. "ಪರವಾಗಿಲ್ಲ ಇಲಿ," ಅಂದ. ಮೂರು ತಿಂದೆ.

ಜೂನ್ 27, ಮಂಗಳವಾರ

ಎರಡು ದಿನದಿಂದ ಸಿಗ್ನಲ್ ಸತ್ತಿತ್ತು. ಆಸ್ಪತ್ರೆಯ ತುದಿಯಲ್ಲಿ ತಂತಿ, ಪೆಟ್ಟಿಗೆ, ಮೊಳೆ, ಎಲ್ಲ ಬಿಚ್ಚಿ ನೋಡಿದ್ದಾಯಿತು. ಸರ್ ಫೋನಿನಲ್ಲಿ ನನ್ನನ್ನೇ ಬೈದರು, ನಾನೇನೋ ಮುಟ್ಟಿರಬೇಕೆಂದು. ನನಗೂ ಹಾಗೇ ಅನಿಸಿತು. ನಾನು ಮುಟ್ಟಿದ್ದೇ ಹಾಳಾಗುವುದು ಹೊಸದಲ್ಲ.

ಇವತ್ತು ಅಪ್ಪತ್ತಾಳ ತಾರಸಿಗೆ ಹೋದರೆ ತಟ್ಟೆಯ ಮೂತಿಯ ಎದುರಿಗೇ ಸರಿಯಾಗಿ ಒಂದು ಬೂದುಗುಂಬಳ ತೂಗುತ್ತಿದೆ! ಕಾಡಿಗೆಯಲ್ಲಿ ದೊಡ್ಡ ಕಣ್ಣು, ಕೋರೆಹಲ್ಲು ಬರೆದು, ಕರಿದಾರದಲ್ಲಿ ಕಟ್ಟಿದ್ದಾರೆ. ನೀರು ತುಂಬಿದ ಕುಂಬಳ. ಗೋಡೆ ಕಟ್ಟಿದ್ದರೂ ಅಷ್ಟು ತಡೆಯುತ್ತಿರಲಿಲ್ಲ.

"ಯಾರು ಅಪ್ಪತ್ತಾ ಇದನ್ನು ಕಟ್ಟಿದವರು?"

"ನಾನೇ. ಊರವರ ಕಣ್ಣೆಲ್ಲ ಅದರ ಮೇಲೇ ಇದೆ. ಪರೀಕ್ಷೆಗೆ ದೃಷ್ಟಿ ಆಗಬಾರದಲ್ಲ ತಾಯಿ. ನನ್ನ ದೃಷ್ಟಿ ಬರಬೇಕಾದ್ರೆ ಊರವರ ದೃಷ್ಟಿ ಹೋಗಬೇಕು."

ರೂಬನ್ ಅಣ್ಣ ನಕ್ಕೂ ನಕ್ಕೂ ತಾರಸಿಯ ಮೇಲೆ ಕೂತೇಬಿಟ್ಟ. "ಎರಡು ದಿನ! ಒಂದು ಕುಂಬಳಕಾಯಿ! ಇದನ್ನ ಪ್ರಬಂಧದಲ್ಲಿ ಹೆಂಗೆ ಬರೀಲೇ?" ನಾನು ಕುಂಬಳವನ್ನು ಬಿಚ್ಚಿ ತಟ್ಟೆಯ ಹಿಂದೆ ಕಂಬಕ್ಕೆ ಕಟ್ಟಿದೆ. ಹಿಂದಿನಿಂದಲೂ ದೃಷ್ಟಿ ತಾಗುತ್ತದೆ ಎಂದು ಹೇಳಿ ಒಪ್ಪಿಸಿದೆ. ಶಬ್ದಕೋಶ ಬೇಕಾಗಲಿಲ್ಲ.

ಆದರೆ 'ನನ್ನ ದೃಷ್ಟಿ ಬರಬೇಕಾದ್ರೆ' ಎಂದಳಲ್ಲ.

ಜುಲೈ 2, ಭಾನುವಾರ

ಈಗ ಎಲ್ಲ ತಿಳಿಯಿತು. ತಿಳಿಯದಿದ್ದರೆ ಚೆನ್ನಾಗಿತ್ತು.

ನಾವು ಹೋದಾಗ ಮೆಟ್ಟಿಲ ಮೇಲೆ ಮೂವರು ಹೆಂಗಸರು, ಒಬ್ಬ ಮುದುಕ ಕೂತಿದ್ದರು. ಮುದುಕ ಟವಲನ್ನು ಕಣ್ಣಿಗೆ ಒತ್ತಿಕೊಂಡು, "ನನ್ನ ಸರದಿ ಯಾವಾಗಮ್ಮ?" ಎಂದು ಕೇಳಿದ. ಅಪ್ಪತ್ತಾ ಗದರಿದಳು: "ಮೊದಲು ನಂದು! ಮರ ಕಡಿದವಳು ನಾನು. ಆಮೇಲೆ ನೀವು." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಆ ಜಾಲರಿ ಎದುರು ನಿಂತ್ರೆ ಸಾಕಾ, ಕಣ್ಣು ಮುಚ್ಚಬೇಕಾ ತಾಯಿ? ದಿನಾ ಬೆಳಿಗ್ಗೆ ನಿಂತು ನೋಡ್ತಿದೀನಿ," ಅಂದಳು.

ಪರೀಕ್ಷೆ. ನಾನು ಹೇಳಿದ್ದು ಅದೇ ಪದ. ಕಣ್ಣಾಸ್ಪತ್ರೆಯಿಂದ ಬಂದಿದ್ದೇವೆ, ಪರೀಕ್ಷೆ ಮಾಡುತ್ತೇವೆ ಎಂದೆ. ತಂತಿಯನ್ನೋ, ಗಾಳಿಯನ್ನೋ ಪರೀಕ್ಷೆ ಮಾಡುತ್ತಾರೆಂದು ಯಾರಿಗೆ ತಾನೇ ತೋಚುತ್ತದೆ?

ಹೇಳಬೇಕೆಂದು ಬಾಯಿ ತೆರೆದೆ. ರೂಬನ್ ಅಣ್ಣ ಇಂಗ್ಲಿಷಿನಲ್ಲಿ ತಡೆದ. ಬಸ್ಸಿನಲ್ಲಿ ವಿವರಿಸಿದ: "ಪಕ್ಕದ ತಾಲ್ಲೂಕಿನಲ್ಲಿ ಏನಾಯ್ತು ಗೊತ್ತಾ? ಹುಡುಗರು ತಟ್ಟೆಗೆ ಕಲ್ಲು ಹೊಡೆದ್ರು, ತಂತಿ ಕದ್ದು ಮಾರಿದ್ರು. ಇಲ್ಲಿ ಒಂದು ಮೊಳೆ ಹೋಗಿಲ್ಲ. ಯಾಕೆ? ಊರೇ ಕಾವಲು ಕಾಯ್ತಿದೆ. ನೀನು ಸುಳ್ಳು ಹೇಳಿದ್ಯಾ? ಇಲ್ಲ. ಅವರಾಗಿ ಅವರು ಅಂದ್ಕೊಂಡಿದಾರೆ. ಮುಂದೆ ಇಲ್ಲಿ ಆಸ್ಪತ್ರೆಯವರು ಕೇಂದ್ರ ತೆಗೆದ್ರೂ ತೆಗೀಬಹುದು. ಆಗ ನಿಜ ಆಗುತ್ತೆ. ಸುಮ್ನಿರು."

ಅವನು ಹೇಳುವುದರಲ್ಲೂ ನ್ಯಾಯವಿದೆ. ನಾನು ಸುಳ್ಳು ಹೇಳಿಲ್ಲ ಎನ್ನುವುದಂತೂ ನಿಜ. ಭಾಷೆ ಬಾರದ್ದು ಸುಳ್ಳಲ್ಲ.

ಅಪ್ಪತ್ತಾ ಒಂದು ದಿಂಬು ಕೊಟ್ಟಿದ್ದಾಳೆ. ಆ ಮರದ ಕೊನೆಯ ಕಾಯಿಗಳ ಹತ್ತಿ. ಬೇಡ ಎನ್ನಲು ಸರಿಯಾದ ಮಾತು ಹುಡುಕುವಷ್ಟರಲ್ಲಿ ಕಂಕುಳಿಗೆ ಸಿಕ್ಕಿಸಿದಳು.

ಜುಲೈ 9, ಭಾನುವಾರ

ಅಪ್ಪತ್ತಾ ತಲೆಗೆ ಬಟ್ಟೆ ಬಿಗಿದುಕೊಂಡು ಕೂತಿದ್ದಳು. ಹಣೆಯ ಒಂದು ಕಡೆ ಸಿಡಿಯುತ್ತದಂತೆ. ಬಲಗಣ್ಣು ಹೋಗಿ ವರ್ಷಗಳಾದವು, ಅದರ ಚಿಂತೆಯಿಲ್ಲ. ಎಡಗಣ್ಣಿಗೆ ಸಂಜೆ ದೀಪ ಹಚ್ಚಿದರೆ ದೀಪದ ಸುತ್ತ ಬಣ್ಣ ಬಣ್ಣದ ಬಳೆ ಕಾಣುತ್ತದೆ ಅಂದಳು. "ಮಳೆಬಿಲ್ಲು ಮನೆಯೊಳಗೇ ಬಂದಿದೆ ನೋಡು. ನನ್ನ ಪರೀಕ್ಷೆ ಶುರುವಾಗಿರಬೇಕು."

ಚೆಂದದ ಮಾತು ಎನಿಸಿ ತವಮಣಿ ಅಕ್ಕನಿಗೆ ಹೇಳಿದೆ. ಅಕ್ಕ ಜಡೆ ಹೆಣೆಯುವುದನ್ನು ನಿಲ್ಲಿಸಿದಳು. "ತಲೆನೋವು ಇದೆಯಾ? ವಾಂತಿ ಬರೋ ಹಂಗೆ? ಅದು ಕಣ್ಣಿನೊಳಗೆ ಒತ್ತಡ ಏರಿರೋದು ಕಣೇ. ಪೊರೆ ಆದ್ರೆ ಕಾಯಬಹುದು, ಇದು ಕಾಯೋದಲ್ಲ. ಹೋದದ್ದು ವಾಪಸ್ ಬರಲ್ಲ. ಮಂಗಳವಾರ ನಮ್ಮ ಶಿಬಿರದ ಬಸ್ಸು ಆ ಊರಿಗೇ ಹೋಗ್ತಿದೆ. ಹಿಡಿದು ಹತ್ತಿಸಿ ಕಳಿಸು."

ಕಳಿಸುತ್ತೇನೆ. ನಾನೇ ಕೈ ಹಿಡಿದು ಹತ್ತಿಸುತ್ತೇನೆ. ಇಪ್ಪತ್ತನೇ ತಾರೀಕು ದೆಹಲಿಯಿಂದ ಅತಿಥಿಗಳು ಬರುತ್ತಾರೆ, ತಾರಸಿಯಲ್ಲಿ ಪ್ರದರ್ಶನ. ಅದರ ಕೆಲಸ ತಲೆಯ ಮೇಲಿದೆ. ಆದರೂ ಇದು ಮೊದಲು.

ಜುಲೈ 11, ಮಂಗಳವಾರ

ಬಸ್ಸು ಬಂತು. ಹೆಂಗಸರು, ಆ ಟವಲಿನ ಮುದುಕ, ಎಲ್ಲರೂ ಹತ್ತಿದರು. ಅಪ್ಪತ್ತಾ ಜಗುಲಿಯಲ್ಲಿ ರಾಣಿಯ ಹಾಗೆ ಕೂತು ಎಲ್ಲರನ್ನೂ ಬೀಳ್ಕೊಟ್ಟಳು: "ಹೋಗಿ ಬನ್ನಿ, ಸಾಲಲ್ಲಿ ನಿಂತು ಕಾಲು ನೋಯಿಸ್ಕೊಂಡು ಬನ್ನಿ. ನನ್ನ ಪರೀಕ್ಷೆ ನನ್ನ ತಲೆ ಮೇಲೇ ಇದೆ."

ನಾನು ಅವಳ ಹತ್ತಿರ ಹೋಗುವಷ್ಟರಲ್ಲಿ ರೂಬನ್ ಅಣ್ಣ ತೋಳು ಹಿಡಿದ. "ಏನು ಹೇಳೋಕೆ ಹೊರಟೆ? ಆಸ್ಪತ್ರೆಗೆ ಸೇರಿಸ್ಕೊಂಡ್ರೆ ವಾರ ಬಿಡಲ್ಲ. ಮಗ ಲಾರಿ ತಗೊಂಡು ಊರಾಚೆ ಹೋಗಿದಾನೆ. ಬೀಗದ ಕೈ ಯಾರ ಹತ್ರ? ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಯಾರಾದ್ರೂ 'ತಾರಸಿಯಲ್ಲಿ ಯಾವ ಕಣ್ಣು ಪರೀಕ್ಷೇನೂ ಇಲ್ಲ ಅಜ್ಜಿ' ಅಂದ್ರೆ? ಮರ ಕಡಿದ ಮಗ ನಮ್ಮನ್ನ ಕಡೀತಾನೆ. ಒಂಬತ್ತು ದಿನ ಇಲಿ. ಇಪ್ಪತ್ತೊಂದಕ್ಕೆ ನಾನೇ ಆಟೋ ಮಾಡಿ ಕರ್ಕೊಂಡು ಹೋಗ್ತೀನಿ. ಆಣೆ."

ಡ್ರೈವರ್ ಹಾರ್ನ್ ಹೊಡೆದ. ಅಪ್ಪತ್ತಾ, "ಏನ್ ತಾಯಿ, ನಾನೂ ಹೋಗಬೇಕಾ?" ಎಂದು ನಾನಿದ್ದ ಕಡೆ ಮುಖ ಮಾಡಿದಳು. ಮುಖ ನನ್ನ ಮುಖಕ್ಕಿಂತ ಒಂದು ಗೇಣು ಪಕ್ಕಕ್ಕಿತ್ತು.

"ಪ್ರದರ್ಶನ ಆದ ಮೇಲೆ," ಅಂದೆ. "ಅಂದು ಡಾಕ್ಟರೇ ನೋಡುತ್ತಾರೆ."

ಇದೂ ಸುಳ್ಳಲ್ಲ. ಅಂದು ಡಾಕ್ಟರು ತಟ್ಟೆಯ ಮೂಲಕ ಪರದೆಯಲ್ಲಿ ಬರುವ ಏರ್ಪಾಡಿದೆ.

ಜುಲೈ 12, ಬುಧವಾರ

ಬಸ್ಸಿನಲ್ಲಿ ಹೋದವರಲ್ಲಿ ಮೂವರಿಗೆ ಪೊರೆ ತೆಗೆಯುತ್ತಾರಂತೆ. ಬೇರೆ ವಿಶೇಷವಿಲ್ಲ.

ಜುಲೈ 20, ಗುರುವಾರ

ಗೆದ್ದೆವು. ಆದದ್ದನ್ನು ಕ್ರಮವಾಗಿ ಬರೆದಿಡಬೇಕು.

ಆಷಾಢದ ಗಾಳಿ. ರುಬ್ಬುಗುಂಡು ಹಾರುವಂಥ ಗಾಳಿ ಅನ್ನುತ್ತಾರೆ ಇಲ್ಲಿ. ತಟ್ಟೆಗೆ ಮೂರು ಕಡೆಯಿಂದ ಹಗ್ಗ ಬಿಗಿದಿದ್ದೆ, ನಾನೇ, ಒಬ್ಬಳೇ. ಸಿಗ್ನಲ್ ಅಲುಗಲಿಲ್ಲ. ಅತಿಥಿಗಳು ನಾಲ್ವರು, ಸರ್ ಜೊತೆಗೆ ತಾರಸಿಗೆ ಬಂದರು. ಒಬ್ಬರು ಬೂದುಗುಂಬಳದ ಫೋಟೋ ತೆಗೆದುಕೊಂಡರು. ಪರದೆಯ ಮುಂದೆ ಕುರ್ಚಿ ಹಾಕಿ ಅಪ್ಪತ್ತಾಳನ್ನು ಕೂರಿಸಿದೆವು. ಹೊಸ ಸೀರೆ, ಹಣೆಗೆ ಭಸ್ಮ, ತಲೆಗೆ ಕಟ್ಟಿದ ಬಟ್ಟೆಯನ್ನು ನಾನೇ ಬಿಚ್ಚಿದ್ದೆ. ಚಿತ್ರದಲ್ಲಿ ಚೆನ್ನಾಗಿ ಕಾಣಲಿ ಎಂದು. ಎಡಗಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಬೆಳಿಗ್ಗೆ ಎರಡು ಸಲ ವಾಂತಿ ಮಾಡಿಕೊಂಡಿದ್ದಳಂತೆ. "ಪರೀಕ್ಷೆ ದಿನ ಯಾರಿಗೆ ಹೊಟ್ಟೆ ಕಲಕಲ್ಲ ಹೇಳು," ಎಂದು ನನ್ನ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು.

ಸಮಯಕ್ಕೆ ಸರಿಯಾಗಿ ಫೋನು. ಡಾಕ್ಟರು ಶಸ್ತ್ರಚಿಕಿತ್ಸೆಯಿಂದ ಹೊರಗೆ ಬಂದಿಲ್ಲ. ಸರ್ ಮುಖ ಕಪ್ಪಿಟ್ಟಿತು. ಒಂದು ನಿಮಿಷದಲ್ಲಿ ಪರದೆಯ ಮೇಲೆ ಬಿಳಿ ಕೋಟು ಬಂತು. ಒಳಗೆ ರೂಬನ್ ಅಣ್ಣ! ಕೋಟಿನ ತೋಳು ಮೊಣಕೈವರೆಗೆ ಮಾತ್ರ. ನನಗೆ ನಗು ತಡೆಯಲು ತುಟಿ ಕಚ್ಚಬೇಕಾಯಿತು.

"ವಣಕ್ಕಂ ಅಪ್ಪತ್ತಾ! ನಾನು ಕಾಣ್ತಿದೀನಾ?"

"ದೇವರ ಹಂಗೆ ಕಾಣ್ತಿದೀಯ ಸ್ವಾಮಿ," ಎಂದು ಅಪ್ಪತ್ತಾ ಪರದೆಯ ಪಕ್ಕದ ಕಂಬಕ್ಕೆ ಕೈ ಮುಗಿದಳು. ಅತಿಥಿಗಳು ನಕ್ಕು ಚಪ್ಪಾಳೆ ತಟ್ಟಿದರು.

ಸರ್ ಇಂಗ್ಲಿಷಿನಲ್ಲಿ ಕೇಳಿದರು, ಆ ಕಡೆ ಚಿತ್ರ ಹೇಗಿದೆ? ರೂಬನ್ ಅಣ್ಣ ನಮ್ಮ ಮಾತಿನಲ್ಲೇ ಜೋರಾಗಿ ಹೇಳಿದ: "ಕಣ್ಣು ಸ್ಪಷ್ಟವಾಗಿದೆ! ಎರಡು ಕಣ್ಣೂ ಚೆನ್ನಾಗಿದೆ! ಏನೂ ತೊಂದರೆ ಇಲ್ಲ!"

ಅಪ್ಪತ್ತಾ ಅತ್ತಳು. "ಏನೂ ತೊಂದರೆ ಇಲ್ಲವಂತೆ," ಎಂದು ನನ್ನ ಕೈಯನ್ನು ಎದೆಗೊತ್ತಿಕೊಂಡಳು. "ಕೇಳಿದೆಯಾ ತಾಯಿ, ಏನೂ ಇಲ್ಲವಂತೆ."

ಅತಿಥಿಗಳಲ್ಲಿ ಹೆಂಗಸೊಬ್ಬರು ಯಾಕೆ ಅಳುತ್ತಿದ್ದಾಳೆಂದು ನನ್ನನ್ನು ಕೇಳಿದರು. ಸಂತೋಷಕ್ಕೆ ಎಂದೆ. ಸಂತೋಷಕ್ಕೇ ಅಲ್ಲವೇ?

ಜುಲೈ 21, ಶುಕ್ರವಾರ

ಸರ್ ಕರೆದು ಹೇಳಿದರು: "ಚೆನ್ನಾಗಿ ನಿಭಾಯಿಸಿದೆಯಮ್ಮ. ಮುಂದಿನದು ಇದರ ಎರಡರಷ್ಟು ದೂರ, ರಾಮನಾಡು ಕಡೆ. ನೀನೂ ಬರ್ತಿದೀಯ." ಯಾವುದಾದರೂ ಹುಡುಗಿ ಎನ್ನಲಿಲ್ಲ. ಎಳಿಲರಸಿ ಎಂದು ಪೂರ್ತಿ ಹೆಸರಿನಲ್ಲಿ ಕರೆದರು.

ಇಲ್ಲಿ ಕೇಂದ್ರ ತೆಗೆಯುತ್ತಾರಾ ಸರ್ ಎಂದು ಕೇಳಿದೆ. "ಅದನ್ನ ಆಸ್ಪತ್ರೆಯವರು ಯಾವತ್ತು ಹೇಳಿದ್ರು? ಅವರು ತಾರಸಿ ಕೊಟ್ರು, ಅಷ್ಟೇ. ನಮ್ಮದು ಪರೀಕ್ಷೆ, ಸೇವೆಯಲ್ಲ. ಪರೀಕ್ಷೆ ಪಾಸಾಯ್ತು, ಮುಗೀತು." ಹೌದು, ಅದು ಸ್ಪಷ್ಟವಾಗಿಯೇ ಇತ್ತು.

ರೂಬನ್ ಅಣ್ಣ ಅಳತೆಗಳನ್ನೆಲ್ಲ ಕಟ್ಟಿಕೊಂಡು ಬೆಳಗಿನ ಬಸ್ಸಿಗೇ ಮಧುರೈಗೆ ಹೋದ. ಆಟೋ ವಿಷಯ ಅವನಿಗೆ ನೆನಪಿರಲಿಲ್ಲ. ನನಗೂ ಅವನು ಹೋದ ಮೇಲೆಯೇ ನೆನಪಾದದ್ದು.

ತವಮಣಿ ಅಕ್ಕ ಕೇಳಿದಳು: "ಆ ಬಣ್ಣದ ಬಳೆ ಅಜ್ಜಿ ಬಂದಳೇನೇ?"

"ಡಾಕ್ಟರ್ ನೋಡಿದ್ರು ಅಕ್ಕ. ಏನೂ ತೊಂದರೆ ಇಲ್ಲ ಅಂದ್ರಂತೆ."

"ಹೌದಾ? ಸದ್ಯ," ಎಂದು ಮಗ್ಗುಲು ತಿರುಗಿದಳು. ಒಂದೇ ಮಾತಿನಲ್ಲಿ ಮುಗಿಯಿತು. ಎಷ್ಟು ಸಲೀಸಾಗಿ ಬಂತು ಬಾಯಿಗೆ! ಮೊದಲಾಗಿದ್ದರೆ 'ವೈದ್ಯರು ವೀಕ್ಷಿಸಿದರು' ಎನ್ನುತ್ತಿದ್ದೆ.

ಆಗಸ್ಟ್ 12, ಶನಿವಾರ

ಮೂರು ವಾರ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಕಾಲೇಜು, ಗಣಿತದ ಮರುಪರೀಕ್ಷೆ (ಬರೆದೆ, ಪಾಸಾಗುತ್ತೇನೆ). ಉಗುರು ಉದ್ದ ಬೆಳೆದಿವೆ, ಕತ್ತರಿಸಬೇಕು.

ಇವತ್ತು ಪಾಲೂತ್ತುಪಟ್ಟಿಯ ತಟ್ಟೆಯನ್ನು ಬಿಚ್ಚಲು ಹೋಗಿದ್ದೆವು. ಊರು ಖಾಲಿ, ನಮ್ಮ ಕಡೆಯ ಆಷಾಢ ಇನ್ನೂ ಮುಗಿದಿಲ್ಲ, ಅಂಬಲಿ ಕಾಯಿಸುತ್ತಾರೆಂದು ಹೆಂಗಸರೆಲ್ಲ ಅಮ್ಮನ ಗುಡಿಗೆ ಹೋಗಿದ್ದರು. ಒಳ್ಳೆಯದೇ ಆಯಿತು. ಯಾರಿಗೂ ಏನೂ ವಿವರಿಸಬೇಕಾಗಲಿಲ್ಲ. ರೂಬನ್ ಅಣ್ಣ ತಾರಸಿಗೆ ಹೋದ. ತಟ್ಟೆ, ಪೆಟ್ಟಿಗೆ, ತಂತಿ ಇಳಿಸಿದೆವು. ಕಂಬ ಕೀಳಲಿಲ್ಲ, ಕೀಳಲು ಹೋದರೆ ಗಾರೆ ಒಡೆಯುತ್ತದೆ. ಬೂದುಗುಂಬಳ ಕೊಳೆತು ಸುಕ್ಕಾಗಿ ಅದಕ್ಕೇ ತೂಗುತ್ತಿತ್ತು. ಬಿಟ್ಟೆವು.

ಪ್ರದರ್ಶನದ ದಿನದಿಂದ ನನ್ನ ಹತ್ತಿರವೇ ಉಳಿದಿದ್ದ ಬೀಗದ ಕೈ ಕೊಡಲು ಕೆಳಗೆ ಬಂದೆ. ಅಪ್ಪತ್ತಾ ಜಗುಲಿಯಲ್ಲಿ, ಅಡ್ಡಬಿಸಿಲಿನಲ್ಲಿ ಕೂತಿದ್ದಳು. ತಲೆನೋವು ನಿಂತಿದೆ ಅಂತ ಕಾಣುತ್ತದೆ, ಬಟ್ಟೆ ಕಟ್ಟಿರಲಿಲ್ಲ. ನಾನು ಮೂರಡಿ ದೂರದಲ್ಲಿ ನಿಂತಿದ್ದೆ. ಆಕೆ ನನ್ನ ಕಡೆಗೇ ಮುಖ ಮಾಡಿದ್ದಳು, ರೆಪ್ಪೆ ಬಡಿಯದೆ.

"ಏನ್ ಅಪ್ಪತ್ತಾ, ಗುಡಿಗೆ ಹೋಗಿಲ್ವಾ?" ಅಂದೆ.

"ಹೆಂಗೆ ಹೋಗಲಿ, ಕೈ ಹಿಡಿಯೋರು ಬೇಕಲ್ಲ. ಯಾರೇ ನೀನು? ಕೆಳಗಿನ ಕೇರಿ ಮುನಿಯಾಂಡಿ ಮಗಳಾ? ದನಿ ಹಂಗೇ ಇದೆ."

ನಾನು ಸುಮ್ಮನಿದ್ದೆ. ಅದಕ್ಕೇ ಹೌದೆಂದುಕೊಂಡಳು.

"ಮೇಲೆ ಯಾರೋ ಓಡಾಡ್ತಿದಾರಲ್ಲ?"

"ಪೆಟ್ಟಿಗೆ ಕೆಟ್ಟಿದೆಯಂತೆ ಅಪ್ಪತ್ತಾ, ರಿಪೇರಿಗೆ ಒಯ್ತಿದಾರೆ. ಈ ಗಾಳೀಲಿ ಕಬ್ಬಿಣ ಉಳಿಯುತ್ತಾ? ರುಬ್ಬುಗುಂಡೇ ಹಾರ್ತಿದೆ."

"ಹೌದೌದು," ಎಂದು ನಕ್ಕಳು. "ಒಂದು ಹುಡುಗಿ ಬರ್ತಿತ್ತಲ್ಲೇ, ಇಲಿ ಅಂತ ಹೆಸರು. ವಾರ್ತೆ ಓದೋ ಹಂಗೆ ಮಾತಾಡೋದು, ಪಾಪ. ಅದೂ ಬಂದಿದೆಯಾ? ಡಾಕ್ಟರಿಗೆ ಒಂದು ಮಾತು ಹೇಳಿಸಬೇಕಿತ್ತು. ಏನೂ ಇಲ್ಲ ಅಂದ್ರಲ್ಲ, ಆದ್ರೂ ಆಮೇಲೆ ಹಿಂಗಾಯ್ತು ಅಂತ. ಮಗ ದೊಡ್ಡಾಸ್ಪತ್ರೆಗೆ ಹೋಗೋಣ ಅಂದ, ನಾನೇ ಬೈದೆ. ಡಾಕ್ಟರು ನೋಡಿ ಹೇಳಿದ ಮೇಲೆ ಅನುಮಾನ ಪಡಬಾರದು ಅಂತ. ಪರೀಕ್ಷೆ ಹುಡುಗಿ ಬಂದ್ರೆ ಕೇಳೋಣ ಅಂತ ಕೂತಿದೀನಿ."

"ಇವತ್ತು ಬಂದಿಲ್ಲ ಅಪ್ಪತ್ತಾ. ಮುಂದಿನ ತಿಂಗಳು ಬರ್ತಾಳಂತೆ. ಬಂದ ತಕ್ಷಣ ನಾನೇ ಕರ್ಕೊಂಡು ಬರ್ತೀನಿ, ಚಿಂತೆ ಬಿಡು."

"ನಿನ್ನ ಹೊಟ್ಟೆ ತಣ್ಣಗಿರಲಿ," ಅಂದಳು. ಕೈ ಚಾಚಿದಳು, ಕೆನ್ನೆ ಸವರಲಿಕ್ಕೆ ಇರಬೇಕು. ಬೀಗದ ಕೈಯನ್ನು ಆ ಕೈಯಲ್ಲಿಟ್ಟು ಬಂದೆ. ಕೊನೆಯ ಬಸ್ಸು ತಪ್ಪುವ ಹಾಗಿತ್ತು.

ಬಸ್ಸಿನಲ್ಲಿ ಯೋಚಿಸಿದಾಗ ಹೊಳೆಯಿತು: ಅಷ್ಟು ಮಾತಾಡಿದೆನಲ್ಲ, ಎಲ್ಲಿಯೂ ತಡವರಿಸಲಿಲ್ಲ, ಒಂದು ಪದಕ್ಕೂ ಹುಡುಕಾಡಲಿಲ್ಲ. ಗಾದೆ ಕೂಡ ತಾನಾಗಿ ಬಂತು. ಈ ಊರಿನ ಹುಡುಗಿಯೆಂದೇ ನಂಬಿದಳು! ಸರ್‌ಗೆ ಹೇಳಬೇಕು, ಖುಷಿಪಡುತ್ತಾರೆ.

ದಿಂಬು ಮೆತ್ತಗಿದೆ. ಈಚೆಗೆ ಚೆನ್ನಾಗಿ ನಿದ್ದೆ ಬರುತ್ತಿದೆ. ಇನ್ನು ಈ ಪುಸ್ತಕದಲ್ಲಿ ಅಭ್ಯಾಸ ಮಾಡುವ ಅಗತ್ಯವಿಲ್ಲ.